ಅಂಗವಿಕಲ ಮಕ್ಕಳಿಗೆ ಕುದುರೆ ಸವಾರಿ: ಫಲವೇನು, ಎಚ್ಚರವೇನು?

ಕಳೆದ ತಿಂಗಳು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಳಿ ಕಡೆಯ ಒಬ್ಬ ತಾಯಿ ನಮ್ಮನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರ ಮಗನಿಗೆ ಆರು ವರ್ಷ. ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾದ ಮಗು. ಡಾಕ್ಟರು ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಮಾತು ಎಲ್ಲಾ ಅರ್ಥವಾಗುತ್ತದೆ, ನಗುತ್ತಾನೆ. ಆದರೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ. ಗೋಡೆಗೆ ಒರಗಿಸಿದರೆ ಮಾತ್ರ ಕೂರುತ್ತಾನೆ. "ಕುದುರೆ ಮೇಲೆ ಕೂರಿಸಿದರೆ ಇಂಥ ಮಕ್ಕಳು ನಡೀತಾವಂತೆ, ನಿಜವೇ? ಅಂತಿಯೂರು ಜಾತ್ರೆಯಲ್ಲಿ ಒಂದು ತಟ್ಟು ತರೋಣ ಅಂತಾರೆ ನಮ್ಮನೆಯವರು. ಅದಕ್ಕೆ ಕರೆಯೋ ಹಸು ಮಾರಬೇಕಾಗುತ್ತೆ," ಎಂದರು.

ಒಂದು ಹಸುವಿನ ಪ್ರಶ್ನೆ ಎಂದರೆ ನಮ್ಮ ಮನೆಗಳಲ್ಲಿ ಸಣ್ಣ ಮಾತಲ್ಲ. ಆದ್ದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಕುದುರೆ ನಮ್ಮ ಸೀಮೆಗೆ ಹೊಸದಲ್ಲ. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಇಂದು ನಾವು ದನದ ಫಾರಂ ಎಂದು ಕರೆಯುವ ಸರ್ಕಾರಿ ಜಾನುವಾರು ಕ್ಷೇತ್ರ 1824ರಲ್ಲಿ ಆರಂಭವಾದದ್ದು ದನಕ್ಕಾಗಿ ಅಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಕುದುರೆಗಳಿಗಾಗಿ. ಹವೆ ತಂಪು, ಹುಲ್ಲು ಧಾರಾಳ, ಬೆಂಗಳೂರಿನ ದಂಡು ಹತ್ತಿರ. ದನ, ಕುರಿಗಳ ತಳಿ ಸಂವರ್ಧನೆ ಅಲ್ಲಿಗೆ ಬಂದದ್ದು ಆಮೇಲೆ. ಮುಂದೆಯೂ ಅಲ್ಲಿ ಕಾಥಿಯಾವಾಡಿ ಕುದುರೆಗಳನ್ನು ಸಾಕಿದ್ದುಂಟು. ನಾವು ಹೊಲದಲ್ಲಿ ಬೆಳೆಯುವ ಹುರುಳಿಯನ್ನು ಇಂಗ್ಲಿಷಿನವರು ಕುದುರೆಯ ಹೆಸರಿನಿಂದಲೇ ಕರೆದರು. ಹೀಗಿದ್ದರೂ ಕುದುರೆ ನಮಗೆ ದಂಡಿನದು, ಜಟಕಾದ್ದು, ಮದುವೆ ಮೆರವಣಿಗೆಯದು. ಅದು ಆಸ್ಪತ್ರೆಯ ಕೆಲಸಕ್ಕೂ ಬರುತ್ತದೆ ಎಂಬುದು ನಮ್ಮ ಹಿರಿಯರು ಕೇಳಿದ ಮಾತಲ್ಲ.

ಈ ವಿಷಯಕ್ಕೆ ಲೋಕದ ಗಮನ ಸೆಳೆದವರು ಡೆನ್ಮಾರ್ಕ್ ದೇಶದ ಲಿಸ್ ಹಾರ್ಟೆಲ್ ಎಂಬ ಮಹಿಳೆ. 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಅವರಿಗೆ ಪೋಲಿಯೊ ತಗಲಿತು. ಮೊದಲೇ ಒಳ್ಳೆಯ ಸವಾರೆ. ಮಗು ಕ್ಷೇಮವಾಗಿ ಹುಟ್ಟಿತು. ತಾಯಿಗೆ ಮೊಣಕಾಲಿನಿಂದ ಕೆಳಗೆ ಬಲ ಬರಲಿಲ್ಲ. ಆದರೂ ಪಟ್ಟು ಹಿಡಿದು ಮತ್ತೆ ಕುದುರೆ ಹತ್ತಿದರು, ಅಂದರೆ ಬೇರೆಯವರು ಎತ್ತಿ ಕೂರಿಸಬೇಕು, ಎತ್ತಿ ಇಳಿಸಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಗೆ ಮೊದಲ ಸಲ ಹೆಂಗಸರನ್ನು ಸೇರಿಸಿದಾಗ, ಜುಬಿಲಿ ಎಂಬ ತಮ್ಮ ಹೆಣ್ಣು ಕುದುರೆಯ ಮೇಲೆ ಅವರು ಗಂಡಸರ ನಡುವೆ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದರು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಆಮೇಲೆ ಯುರೋಪಿನಲ್ಲಿ ಅಂಗವಿಕಲರ ಸವಾರಿ ಕೇಂದ್ರಗಳು ಹುಟ್ಟಿಕೊಂಡವು. 1969ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆಂದೇ ಒಂದು ಸಂಘವಾಯಿತು. 1996ರ ಅಟ್ಲಾಂಟ ಪ್ಯಾರಾಲಿಂಪಿಕ್ಸ್‌ನಿಂದ ಸವಾರಿ ಅಂಗವಿಕಲರ ಕ್ರೀಡಾಕೂಟಕ್ಕೂ ಬಂತು.

ನಮ್ಮಲ್ಲೂ ಹಳೆಯ ತಲೆಮಾರಿನಲ್ಲಿ ಪೋಲಿಯೊ ಬಂದು ಕಾಲು ಸೊರಗಿದವರು ಇದ್ದಾರೆ. (2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು, ಹನಿ ಹಾಕಿಸುವುದನ್ನು ಮಾತ್ರ ಯಾರೂ ಬಿಡಬಾರದು.) ಅವರಿಗಾಗಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಒಲಿಂಪಿಕ್ ಪದಕ ಗೆದ್ದ ದಿನವೂ ಲಿಸ್ ಹಾರ್ಟೆಲ್ ಅವರ ಕಾಲು ವಾಸಿಯಾಗಿರಲಿಲ್ಲ. ಪದಕದ ವೇದಿಕೆಗೆ ಹತ್ತಲೂ ಅವರಿಗೆ ಇನ್ನೊಬ್ಬರ ಆಸರೆ ಬೇಕಾಯಿತು. ಈ ಕಥೆಯನ್ನು ಅರ್ಧ ಹೇಳುವವರು ಜಾಸ್ತಿ. ಆ ತಾಯಿಯ ಕಿವಿಗೆ ಬಿದ್ದದ್ದೂ ಇಂಥದೇ ಯಾವುದೋ ಅರ್ಧ ಮಾತು ಎಂದು ನಮ್ಮ ಊಹೆ.

ಹಾಗಾದರೆ ಕುದುರೆ ಮಾಡುವುದೇನು? ನೀವು ಕುದುರೆ ನಡೆಯುವಾಗ ಹಿಂದಿನಿಂದ ನೋಡಿ. ಅದರ ಬೆನ್ನು ಒಂದು ಹೆಜ್ಜೆಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ತೂಗುತ್ತದೆ. ಜೊತೆಗೆ ಸ್ವಲ್ಪ ಮೇಲೆ ಕೆಳಗೆ, ಸ್ವಲ್ಪ ಮುಂದೆ ಹಿಂದೆ. ಮನುಷ್ಯ ನಡೆಯುವಾಗ ಅವನ ಸೊಂಟ ಅಲುಗುವುದೂ ಸುಮಾರಾಗಿ ಹೀಗೆಯೇ. ನಡೆಯಲಾರದ ಮಗುವನ್ನು ನಿಧಾನವಾಗಿ ನಡೆಯುವ ಕುದುರೆಯ ಮೇಲೆ ಕೂರಿಸಿದಾಗ, ಅದರ ಸೊಂಟಕ್ಕೆ ನಡಿಗೆಯ ಅಲುಗಾಟ ಸಿಗುತ್ತದೆ. ನಿಮಿಷಕ್ಕೆ ಸುಮಾರು ನೂರು ಸಲ. ಒಂದೊಂದು ಅಲುಗಾಟಕ್ಕೂ ಮಗು ಬೀಳದಂತೆ ಬೆನ್ನು, ಹೊಟ್ಟೆ, ಕತ್ತುಗಳನ್ನು ಸರಿಪಡಿಸಿಕೊಳ್ಳಬೇಕು. ಇಪ್ಪತ್ತು ನಿಮಿಷದಲ್ಲಿ ಎರಡು ಸಾವಿರ ಸಲ! ಚಾಪೆಯ ಮೇಲೆ ಯಾವ ಮಗು ತಾನೇ ಇಷ್ಟು ಕಸರತ್ತು ಮಾಡೀತು? ಇಲ್ಲಿ ಅದಕ್ಕೆ ಕಸರತ್ತು ಎಂದೇ ಅನ್ನಿಸುವುದಿಲ್ಲ.

ಇನ್ನೊಂದು ಉಪಕಾರವಿದೆ. ಕುದುರೆಯ ಮೈ ಬಿಸಿ ನಮ್ಮದಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 38 ಡಿಗ್ರಿ ಸೆಲ್ಸಿಯಸ್. ಜೀನು ಹಾಕದೆ ಬರೀ ದಪ್ಪ ಕಂಬಳಿ ಹಾಸಿ ಕೂರಿಸಿದರೆ ಆ ಶಾಖ ಬಿಗಿದ ತೊಡೆಗಳಿಗೆ ತಾಗುತ್ತದೆ. ಕಾಲುಗಳು ಅಗಲವಾಗಿ ಎರಡು ಕಡೆಗೂ ಇಳಿಬಿದ್ದಿರುವುದರಿಂದ ಕತ್ತರಿ ಬಿಗಿತ ಮೆಲ್ಲನೆ ಸಡಿಲವಾಗುತ್ತದೆ. ಫಿಸಿಯೋಥೆರಪಿಸ್ಟರು ಅಥವಾ ಅಂಥ ತರಬೇತಿಯವರು ಕುದುರೆಯ ನಡಿಗೆಯನ್ನೇ ಔಷಧದಂತೆ ಬಳಸುವ ಈ ವಿಧಾನಕ್ಕೆ ಹಿಪ್ಪೊಥೆರಪಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಹಿಪ್ಪೊಸ್ ಎಂದರೆ ಕುದುರೆ. ಲಗಾಮು ಹಿಡಿಯಲು ಕಲಿಸುವ, ಆಟದಂಥ ಸವಾರಿ ಬೇರೆ. ಅದೂ ಒಳ್ಳೆಯದೇ, ಆದರೆ ಅದು ಚಿಕಿತ್ಸೆಯಲ್ಲ.

ಫಲ ಎಷ್ಟು ಎಂದರೆ, ಸೆರೆಬ್ರಲ್ ಪಾಲ್ಸಿ ಮಕ್ಕಳಲ್ಲಿ ನೆಟ್ಟಗೆ ಕೂರುವ ಶಕ್ತಿ, ಮೈಯ ಸಮತೋಲ ಸುಧಾರಿಸಿದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ಹೆಚ್ಚಿನವು ಕೆಲವೇ ಮಕ್ಕಳ ಮೇಲೆ ಮಾಡಿದ ಸಣ್ಣ ಅಧ್ಯಯನಗಳು ಎಂಬುದೂ ನಿಜ. ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಅಮೆರಿಕದ ಕೊಲರಾಡೊದಲ್ಲಿ 6ರಿಂದ 16 ವಯಸ್ಸಿನ 127 ಮಕ್ಕಳನ್ನು ಸೇರಿಸಿ ನಡೆಸಿದ ಒಂದು ದೊಡ್ಡ ಪರೀಕ್ಷೆಯ ವರದಿ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹತ್ತು ವಾರ ಸವಾರಿ. ಇನ್ನೊಂದು ಗುಂಪಿಗೆ ಅದೇ ಲಾಯದಲ್ಲಿ ಕುದುರೆಯಿಲ್ಲದೆ ಬೇರೆ ಚಟುವಟಿಕೆ. ಸವಾರಿ ಮಾಡಿದ ಮಕ್ಕಳಲ್ಲಿ ಸಿಡಿಮಿಡಿ, ಅತಿಯಾದ ಚಡಪಡಿಕೆ ಹೆಚ್ಚು ಕಡಿಮೆಯಾಯಿತು, ಮಾತೂ ಸ್ವಲ್ಪ ಬೆಳೆಯಿತು. ಆದರೆ ಯಾವ ಅಧ್ಯಯನವೂ ಕುದುರೆಯಿಂದ ಪೆಟ್ಟಾದ ಮಿದುಳು ವಾಸಿಯಾಯಿತು ಎಂದು ಹೇಳಿಲ್ಲ. ಕೂರಲಾರದ ಮಗು ಕೂರಲು ಕಲಿತರೆ ತಾನೇ ಊಟ ಮಾಡಬಹುದು, ಶಾಲೆಯ ಬೆಂಚಿನಲ್ಲಿ ಕೂರಬಹುದು, ತಾಯಿಯ ಸೊಂಟದ ನೋವು ಅರ್ಧ ಇಳಿದೀತು. ನಮ್ಮ ದೃಷ್ಟಿಯಲ್ಲಿ ಇದೇ ದೊಡ್ಡ ಫಲ. ನಡೆಯುತ್ತಾನೆ ಎಂಬ ಆಸೆಯಿಂದ ಹೊರಟವರು ಈ ಫಲ ಬಂದಾಗಲೂ ಅದನ್ನು ಸೋಲೆಂದು ತಿಳಿಯುತ್ತಾರೆ. ನಮಗೆ ಬೇಸರ ತರುವುದು ಅದು.

ಈಗ ಅಪಾಯದ ಮಾತು. ಜಾತ್ರೆಯಲ್ಲೋ ಮದುವೆ ಮೆರವಣಿಗೆಯಲ್ಲೋ ಬಂದ ಕುದುರೆಯ ಮೇಲೆ "ಒಂದು ಸುತ್ತು ಹಾಕಿಸಿ" ಎಂದು ಮಗುವನ್ನು ಕೂರಿಸುವುದು ಬೇಡವೇ ಬೇಡ. ವಾದ್ಯಕ್ಕೆ, ಪಟಾಕಿಗೆ ಬೆದರಿದ ಕುದುರೆಯ ಮೇಲಿಂದ ಆರೋಗ್ಯವಂತನೇ ಬೀಳುತ್ತಾನೆ. ಕೈ ಊರಿಕೊಳ್ಳಲಾಗದ ಮಗುವಿನ ಗತಿ ಏನು? ಸರಿಯಾದ ಕೇಂದ್ರದಲ್ಲಿ ಒಂದು ಮಗುವಿಗೆ ಮೂವರು ಇರುತ್ತಾರೆ: ಲಗಾಮು ಹಿಡಿದು ಮುಂದೆ ನಡೆಯುವವರು ಒಬ್ಬರು, ಎರಡು ಪಕ್ಕದಲ್ಲಿ ಮಗುವಿನ ತೊಡೆಯ ಮೇಲೆ ಕೈ ಇಟ್ಟು ನಡೆಯುವವರು ಇಬ್ಬರು. ಇವರಲ್ಲದೆ ಗಮನಿಸುವ ಥೆರಪಿಸ್ಟ್. ತಲೆಗೆ ಹೆಲ್ಮೆಟ್. ಕುದುರೆ ಹತ್ತಿಸಲು ಇಳಿಜಾರು ಕಟ್ಟೆ, ಏಕೆಂದರೆ ಹತ್ತುವಾಗ ಇಳಿಯುವಾಗಲೇ ಅವಘಡದ ಭಯ ಹೆಚ್ಚು. ನಾವು ಉಳುಮೆಗೆ ಹಳ್ಳಿಕಾರ್ ಎತ್ತು ಕೊಳ್ಳುವಾಗ ಸುಳಿ, ಹಲ್ಲು, ನಡಿಗೆ ಎಲ್ಲ ನೋಡುವುದಿಲ್ಲವೇ? ಈ ಕೆಲಸದ ಕುದುರೆಯನ್ನು ಅದಕ್ಕಿಂತ ಸೂಕ್ಷ್ಮವಾಗಿ ಆರಿಸಬೇಕು. ವಯಸ್ಸಾಗಿ ಮಾಗಿದ, ಸದ್ದಿಗೆ ಬೆದರದ, ಪಕ್ಕದಲ್ಲಿ ನಡೆಯುವವರ ಕೈಗೆ ಎಟುಕುವಷ್ಟು ಗಿಡ್ಡನೆಯ, ನಾಲ್ಕು ಕಾಲೂ ಸಮನಾಗಿ ಹಾಕುವ ಪ್ರಾಣಿ ಬೇಕು. ಕುಂಟುವ ಕುದುರೆ ಮಗುವಿಗೆ ಕುಂಟು ನಡಿಗೆಯನ್ನೇ ಕಲಿಸುತ್ತದೆ.

ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಜೋಡಣೆ ಸಡಿಲವಾಗಿರುತ್ತದೆ. ಅಂಥವರು ಕುದುರೆ ಹತ್ತಿದರೆ ಬೆನ್ನುಹುರಿಗೇ ಅಪಾಯ. ತೊಡೆಯ ಮೂಳೆ ಸೊಂಟದ ಕೀಲಿನಿಂದ ಜಾರಿದ್ದರೆ, ಮದ್ದಿಗೂ ಹತೋಟಿಗೆ ಬಾರದ ಮೂರ್ಛೆ ಇದ್ದರೆ, ಬೆನ್ನು ತುಂಬಾ ಡೊಂಕಾಗಿದ್ದರೆ ಸವಾರಿ ಬೇಡ. ಕುದುರೆಯ ಕೂದಲು, ಧೂಳಿನಿಂದ ಉಬ್ಬಸ ಕೆರಳುವವರೂ ಇದ್ದಾರೆ. ತಳಿಯ ತಾಯಿಯ ಮಗನಂಥ ಕತ್ತರಿ ಕಾಲಿನ ಮಕ್ಕಳಲ್ಲಿ ಸೊಂಟದ ಕೀಲು ಜಾರಿರುವುದು ಅಪರೂಪವಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಎಕ್ಸ್‌ರೇ ತೆಗೆಸದೆ ಅಂಥ ಮಗುವನ್ನು ಯಾರೂ ಕುದುರೆ ಹತ್ತಿಸಕೂಡದು. ಇನ್ನೊಂದು, ಕುದುರೆ ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಐದಾರು ವರ್ಷಕ್ಕೆ, ಹತ್ತಕ್ಕೆ, ಹದಿನಾರಕ್ಕೆ ಕೊಡುವ ಚುಚ್ಚುಮದ್ದು ತಪ್ಪಿದ್ದರೆ ಮೊದಲು ಅದನ್ನು ಹಾಕಿಸಿ. ಲಾಯ ತೊಳೆಯುವ ದೊಡ್ಡವರಿಗೂ ಇದು ಅನ್ವಯ.

ತಟ್ಟು ಕೊಳ್ಳುವ ವಿಚಾರ? ಈರೋಡ್ ಜಿಲ್ಲೆಯ ಅಂತಿಯೂರಿನಲ್ಲಿ ಆಡಿ ತಿಂಗಳ ಗುರುನಾಥಸ್ವಾಮಿ ಜಾತ್ರೆಗೆ ಒಳ್ಳೆಯ ಕುದುರೆಗಳು ಬರುತ್ತವೆ, ಸುಳ್ಳಲ್ಲ. ಆದರೆ ಕೊಳ್ಳುವುದು ಒಂದು ದಿನದ ಖರ್ಚು, ಸಾಕುವುದು ಇಪ್ಪತ್ತು ವರ್ಷದ್ದು. ಕುದುರೆ ತನ್ನ ಮೈತೂಕದ ನೂರಕ್ಕೆ ಎರಡರಷ್ಟು ಒಣ ಮೇವು ದಿನಾ ತಿನ್ನುತ್ತದೆ. 200 ಕಿಲೋ ತೂಗುವ ತಟ್ಟುವಿಗೂ ನಾಲ್ಕು ಕಿಲೋ ಬೇಕು. ಅದು ಹೊರುವ ಭಾರ ತನ್ನ ತೂಕದ ಐದರಲ್ಲೊಂದು ಪಾಲು ಮೀರಬಾರದು, ಅಂದರೆ ಜೀನೂ ಸೇರಿ 40 ಕಿಲೋ. ಮಗು ಬೆಳೆದಂತೆ ತಟ್ಟು ಸಾಲದಾಗುತ್ತದೆ. ಹಸುವಿನಂತೆ ಅದು ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಲಾರದು. ಬೂಷ್ಟು ಹಿಡಿದ ರಾಗಿಹುಲ್ಲು ತಿಂದರೆ ಹೊಟ್ಟೆಶೂಲೆ ಬಂದು ಸಾಯಬಹುದು. ಕೋಳಿ ಫಾರಂ ಇರುವ ಮನೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು: ಕೋಳಿ ಆಹಾರದಲ್ಲಿ ರಕ್ತಭೇದಿ ತಡೆಯಲು ಬೆರೆಸುವ ಮೊನೆನ್ಸಿನ್ ಎಂಬ ಮದ್ದು ಕುದುರೆಗೆ ವಿಷ. ಕೋಳಿಗೆ ತಂದ ಚೀಲಕ್ಕೆ ಕುದುರೆ ಬಾಯಿ ಹಾಕಿದರೆ ಅದರ ಹೃದಯವೇ ಕೆಡುತ್ತದೆ. ಕೊಳ್ಳಲೇಬೇಕು ಎನ್ನುವವರು ಮನುಷ್ಯರಿಗೂ ಹರಡುವ ಗ್ಲಾಂಡರ್ಸ್ ರೋಗ ಇಲ್ಲವೆಂಬ ರಕ್ತಪರೀಕ್ಷೆಯ ಕಾಗದ ಕೇಳದೆ ಹಣ ಕೊಡಬಾರದು.

ಆ ತಾಯಿಗೆ ನಾವು ಹೇಳಿದ್ದು: ಹಸು ಮಾರಬೇಡಿ. ಕುದುರೆ ಮನೆಗೆ ಬಂದರೆ ಚಿಕಿತ್ಸೆ ಬಂದ ಹಾಗಲ್ಲ. ಮೂವರು ಪಕ್ಕದವರೂ ಥೆರಪಿಸ್ಟೂ ಇಲ್ಲದೆ ಅದು ಹಿತ್ತಲಲ್ಲಿ ಹುಲ್ಲು ತಿನ್ನುವ ಪ್ರಾಣಿ, ಅಷ್ಟೇ. ಬೆಂಗಳೂರಿನ ಸುತ್ತಮುತ್ತ ಇಂಥ ಸವಾರಿ ಮಾಡಿಸುವ ಕಡೆಗಳಿವೆ. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರಾದರೂ ಊರು ದಾಟಿ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ವಾರಕ್ಕೊಮ್ಮೆಯಂತೆ ಎರಡು ಮೂರು ತಿಂಗಳಾದರೂ ಬೇಕು. ಹೋಗುವ ಮೊದಲು ಕೇಳಬೇಕಾದದ್ದು ಒಂದೇ: ಅಲ್ಲಿ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆಯೇ, ಬರೀ ಸವಾರಿ ಮೇಷ್ಟ್ರೇ? ಇಲ್ಲವೆಂದರೆ ಹಿಂದಕ್ಕೆ ಬನ್ನಿ.

ಅದಕ್ಕೂ ಮೊದಲು ಮಗುವನ್ನು ಆಸ್ಪತ್ರೆಯಲ್ಲಿ ತೋರಿಸಿ ಸೊಂಟದ ಎಕ್ಸ್‌ರೇ ತೆಗೆಸಬೇಕು. ಕೃಷ್ಣಗಿರಿಯ ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ಗುರುತಿನ ಚೀಟಿ ಮಾಡಿಸಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಮತ್ತು ಬಹುವಿಕಲತೆ ಇರುವವರಿಗೆ ನಿರಾಮಯ ಎಂಬ ಒಂದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ. ನಮ್ಮ ಅನೇಕ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ.

ಎಕ್ಸ್‌ರೇ ಸರಿಯಿದ್ದರೆ ಮನೆಯಲ್ಲೇ ಆರಂಭಿಸಬಹುದಾದ ಒಂದು ಉಪಾಯವಿದೆ. ಗೋಣಿಚೀಲಕ್ಕೆ ಒಣಹುಲ್ಲು ಗಟ್ಟಿಯಾಗಿ ತುಂಬಿ ದುಂಡಗೆ ಹೊಲಿದು, ಮೇಲೆ ಹಳೆಯ ಕಂಬಳಿ ಸುತ್ತಿ ಉರುಳೆದಿಂಬು ಮಾಡಿ. ಮಗು ಅದರ ಮೇಲೆ ಕುದುರೆ ಏರಿದಂತೆ ಎರಡೂ ಕಡೆ ಕಾಲು ಹಾಕಿ ಕೂರಬೇಕು, ಪಾದ ನೆಲಕ್ಕೆ ಸಪಾಟಾಗಿ ತಾಗಬೇಕು. ಚೀಲದ ದಪ್ಪ ಅದಕ್ಕೆ ತಕ್ಕಂತಿರಲಿ. ಹಿಂದೆ ತಾಯಿಯೋ ಅಜ್ಜಿಯೋ ಕೂತು ಸೊಂಟ ಹಿಡಿದು ದಿಂಬನ್ನು ಮೆಲ್ಲನೆ ಎಡಬಲ ಉರುಳಿಸಬೇಕು. ಮುಂದೆ ಅಣ್ಣನೋ ಅಕ್ಕನೋ ಕೂತು ಆಟಿಕೆ ಎತ್ತಿ ಹಿಡಿದರೆ ಮಗು ಕೈ ಚಾಚುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆರಂಭದಲ್ಲಿ ದಿನಕ್ಕೆ ಎರಡು ಸಲ ಐದೈದು ನಿಮಿಷ ಸಾಕು. ಮೊದಲ ಸಲ ಫಿಸಿಯೋಥೆರಪಿಸ್ಟರ ಎದುರಿನಲ್ಲೇ ಮಾಡಿ ತೋರಿಸಿ, ಚೀಲದ ಅಳತೆ ಸರಿಯೇ ಎಂದು ಕೇಳಿಕೊಳ್ಳಿ. ಮಗು ನೋವಿನಿಂದ ಅತ್ತರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಅವರಿಗೆ ತೋರಿಸಿ.