ನಡುವಿನ ಪೊಟ್ಯಾಸಿಯಂಗೇ ನೆಲೆಯಿಲ್ಲ

ಒಂದು ಬಾಳೆಹಣ್ಣಿನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 15 ಪೊಟ್ಯಾಸಿಯಂ ಪರಮಾಣುಗಳು ಬೇರೊಂದು ಧಾತುವಾಗಿ ಬದಲಾಗುತ್ತವೆ. ಅದನ್ನು ತಿನ್ನುವ ವಯಸ್ಕರ ದೇಹದಲ್ಲಿ ಈ ಸಂಖ್ಯೆ ಸೆಕೆಂಡಿಗೆ 4,000ದ ಆಸುಪಾಸು. ಇದು ರೋಗವಲ್ಲ, ಪರಮಾಣುವಿನ ಲೆಕ್ಕಾಚಾರ.

ಪರಮಾಣುವಿನ ನಡುವೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ನ್ಯೂಕ್ಲಿಯಸ್ ಇದೆ. ಅದರ ಸುತ್ತ ಎಲೆಕ್ಟ್ರಾನ್‌ಗಳು. ಧಾತು ಯಾವುದೆಂದು ತೀರ್ಮಾನಿಸುವುದು ಪ್ರೋಟಾನ್‌ಗಳ ಸಂಖ್ಯೆ. 19 ಇದ್ದರೆ ಅದು ಪೊಟ್ಯಾಸಿಯಂ. ಆದರೆ ನ್ಯೂಟ್ರಾನ್‌ಗಳು 20, 21 ಅಥವಾ 22 ಇರಬಹುದು. ಹೀಗೆ ನಿಸರ್ಗದಲ್ಲಿ ಪೊಟ್ಯಾಸಿಯಂ-39, 40, 41 ಎಂಬ ಮೂರು ಸಮಸ್ಥಾನಿಗಳು ಸಿಗುತ್ತವೆ. ರಾಸಾಯನಿಕ ಕ್ರಿಯೆಗಳೆಲ್ಲ ಎಲೆಕ್ಟ್ರಾನ್‌ಗಳ ವ್ಯವಹಾರವಾದ್ದರಿಂದ ನಮ್ಮ ನರಗಳಿಗೂ ಸ್ನಾಯುಗಳಿಗೂ ಈ ಮೂರೂ ಒಂದೇ.

ಭಾರ ಹೆಚ್ಚಾದದ್ದೇ ಕುಸಿಯುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 41 ಸ್ಥಿರ, 39 ಸ್ಥಿರ. ನಡುವಿನ 40 ಮಾತ್ರ ವಿಕಿರಣಪಟು. ನ್ಯೂಕ್ಲಿಯಸ್‌ನೊಳಗೆ ಪ್ರೋಟಾನ್‌ಗಳು ತಮ್ಮತಮ್ಮಲ್ಲಿ, ನ್ಯೂಟ್ರಾನ್‌ಗಳು ತಮ್ಮತಮ್ಮಲ್ಲಿ ಜೋಡಿಯಾದಾಗ ಶಕ್ತಿ ತಗ್ಗಿ ಭದ್ರತೆ ಹೆಚ್ಚುತ್ತದೆ. ಪೊಟ್ಯಾಸಿಯಂ-40ರಲ್ಲಿ 19 ಪ್ರೋಟಾನ್, 21 ನ್ಯೂಟ್ರಾನ್. ಎರಡೂ ಬೆಸ, ಎರಡು ಕಡೆಯೂ ಒಂದೊಂದು ಒಂಟಿ. ಎರಡೂ ಬೆಸವಾಗಿದ್ದು ಸ್ಥಿರವಾಗಿರುವ ನ್ಯೂಕ್ಲಿಯಸ್‌ಗಳು ಬೆರಳೆಣಿಕೆಯಷ್ಟೇ, ನೈಟ್ರೋಜನ್-14 ಅವುಗಳಲ್ಲೊಂದು.

ಈ ಇಕ್ಕಟ್ಟಿನಿಂದ ಹೊರಬರಲು ಪೊಟ್ಯಾಸಿಯಂ-40ಕ್ಕೆ ಎರಡು ದಾರಿಗಳಿವೆ. ನೂರರಲ್ಲಿ ಸುಮಾರು 89 ಸಲ ಒಂದು ನ್ಯೂಟ್ರಾನ್ ಪ್ರೋಟಾನಾಗಿ, ಬೀಟಾ ಕಣವಾಗಿ ಎಲೆಕ್ಟ್ರಾನೊಂದು ಹೊರಚಿಮ್ಮುತ್ತದೆ, ಉಳಿಯುವುದು ಕ್ಯಾಲ್ಸಿಯಂ-40. ಮಿಕ್ಕ ಸಲ ನ್ಯೂಕ್ಲಿಯಸ್ ತನ್ನದೇ ಪರಮಾಣುವಿನ ಎಲೆಕ್ಟ್ರಾನೊಂದನ್ನು ಒಳಗೆಳೆದುಕೊಂಡು, ಪ್ರೋಟಾನನ್ನು ನ್ಯೂಟ್ರಾನಾಗಿಸಿ ಆರ್ಗಾನ್-40 ಆಗುತ್ತದೆ. ಮೊದಲನೆಯದರಲ್ಲಿ 20-20, ಎರಡನೆಯದರಲ್ಲಿ 18-22. ಯಾವ ದಾರಿ ಹಿಡಿದರೂ ತಲುಪುವುದು ಸಮಸಂಖ್ಯೆಗೇ.

ಅವಸರವಂತೂ ಇಲ್ಲ. ಇದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಇಂದಿರುವುದರಲ್ಲಿ ಅರ್ಧ ಕ್ಷಯಿಸಲು ಅಷ್ಟು ಕಾಲ ಬೇಕು. ಉಳಿದದ್ದರಲ್ಲಿ ಅರ್ಧಕ್ಕೆ ಮತ್ತೆ ಅಷ್ಟೇ. ಯಾವ ಪರಮಾಣು ಯಾವಾಗ ಬದಲಾಗುತ್ತದೆಂದು ಹೇಳಲಾಗದು, ಗುಂಪಿನ ಗತಿಯನ್ನು ಮಾತ್ರ ಕರಾರುವಾಕ್ಕಾಗಿ ಹೇಳಬಹುದು. ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷಗಳಾಗಿರುವುದರಿಂದ ಆಗಿದ್ದ ಪೊಟ್ಯಾಸಿಯಂ-40ರಲ್ಲಿ ಹನ್ನೆರಡನೇ ಒಂದು ಭಾಗದಷ್ಟು ಮಾತ್ರ ಉಳಿದಿದೆ. ಈಗ ಹತ್ತು ಸಾವಿರ ಪೊಟ್ಯಾಸಿಯಂ ಪರಮಾಣುಗಳಲ್ಲಿ ಒಂದು ಸಿಕ್ಕೀತು. ಬಾಳೆಹಣ್ಣು ಹೆಚ್ಚು ತಿಂದರೂ ಭಯವಿಲ್ಲ. ಹೆಚ್ಚುವರಿ ಪೊಟ್ಯಾಸಿಯಂ ಅನ್ನು ಆರೋಗ್ಯವಂತ ಮೂತ್ರಪಿಂಡಗಳು ಹೊರಹಾಕುತ್ತವೆ.

ನಮ್ಮ ಗಾಳಿಯಲ್ಲಿ ಶೇ 0.93ರಷ್ಟು ಆರ್ಗಾನ್ ಇದೆ, ಅದರಲ್ಲಿ ಬಹುಪಾಲು ಆರ್ಗಾನ್-40. ಇದಕ್ಕೆ ಪೊಟ್ಯಾಸಿಯಂ ಕ್ಷಯವೇ ಮೂಲವಿರಬೇಕೆಂದು ಜರ್ಮನಿಯ ವೈತ್ಸೆಕರ್ 1937ರಲ್ಲಿ ಸೂಚಿಸಿದರು. ಭೂವಿಜ್ಞಾನಿಗಳಿಗೆ ಇದೇ ಗಡಿಯಾರ. ಕಾದ ಲಾವಾದಿಂದ ಆರ್ಗಾನ್ ಅನಿಲ ಪಾರಾಗುತ್ತದೆ; ಶಿಲೆ ಗಟ್ಟಿಯಾದ ಮೇಲೆ ಹುಟ್ಟುವ ಆರ್ಗಾನ್ ಒಳಗೇ ಸೆರೆಯಾಗುತ್ತದೆ. ಅದನ್ನೂ ಉಳಿದ ಪೊಟ್ಯಾಸಿಯಂ ಅನ್ನೂ ಅಳೆದರೆ ಶಿಲೆಯ ವಯಸ್ಸು ಸಿಗುತ್ತದೆ. ಬೀದರ್, ವಿಜಯಪುರದ ಕಡೆ ಹರಡಿರುವ ದಖ್ಖನ್ ಬಸಾಲ್ಟ್ ಶಿಲೆಗಳು ಸುಮಾರು 6.6 ಕೋಟಿ ವರ್ಷ ಹಳೆಯವೆಂದು ತಿಳಿಯಲು ನೆರವಾದ ವಿಧಾನಗಳಲ್ಲಿ ಇದೂ ಒಂದು.