ಓಡುವ ಅಕ್ಷರ, ಉಳಿಯುವ ಬಾಲ

ತಿಕೋಟಾದ ನಮ್ಮ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಬಂದು, "ಸರ್, ಒಣದ್ರಾಕ್ಷಿ ಮಾರಿದ ರೊಕ್ಕದಾಗ ಅಪ್ಪ ಟಿ.ವಿ. ತರಬೇಕಂತ ಮಾಡ್ಯಾರ. 120 ಹರ್ಟ್ಸಿಂದು 60ಕ್ಕಿಂತ ಎರಡು ಪಟ್ಟು ಛಲೋ ಇರತದೇನ್ರಿ?" ಎಂದು ಕೇಳಿದನು. ವರ್ಷದ ದುಡಿಮೆಯ ಹಣ. ತೂಗಿಯೇ ಉತ್ತರ ಹೇಳಬೇಕಾಯಿತು.

ಪರದೆಯ ಮೇಲೆ ನಿಜವಾಗಿ ಯಾವುದೂ ಚಲಿಸುವುದಿಲ್ಲ. ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಮೂಡುತ್ತವೆ. ಚಲನೆಯನ್ನು ಕಟ್ಟಿಕೊಳ್ಳುವುದು ನಮ್ಮ ಮೆದುಳು. 1975ರ ಆಗಸ್ಟಿನಿಂದ ಒಂದು ವರ್ಷ, 'ಸೈಟ್' ಪ್ರಯೋಗದಲ್ಲಿ ಎ.ಟಿ.ಎಸ್.-6 ಉಪಗ್ರಹದ ಮೂಲಕ ಅಂದಿನ ಬಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ದೂರದರ್ಶನ ಬಂದಾಗ, ಸೆಕೆಂಡಿಗೆ 25 ಪೂರ್ಣ ಚಿತ್ರಗಳು ಬರುತ್ತಿದ್ದವು. ಒಂದೊಂದನ್ನೂ ಎರಡು ಕಂತುಗಳಲ್ಲಿ ಬರೆಯುತ್ತಿದ್ದುದರಿಂದ ಪರದೆಯು 50 ಸಲ ಮಿನುಗುತ್ತಿತ್ತು.

ಆ ಗಾಜಿನ ಕೊಳವೆಯಲ್ಲಿ ಬೆಳಗಿದ ಚುಕ್ಕೆ ಕ್ಷಣದಲ್ಲಿ ಮಂಕಾಗುತ್ತಿತ್ತು. ಇಂದಿನ ಎಲ್.ಸಿ.ಡಿ. ಪರದೆಯಾದರೋ ಮುಂದಿನ ಚಿತ್ರ ಬರುವವರೆಗೂ ಹಿಂದಿನದನ್ನು ಹಿಡಿದುಕೊಂಡಿರುತ್ತದೆ. 60 ಹರ್ಟ್ಸಿನಲ್ಲಿ ಈ ಅವಧಿ ಸುಮಾರು 16.7 ಮಿಲಿಸೆಕೆಂಡು, 120ರಲ್ಲಿ 8.3. ಇದು ರಿಫ್ರೆಶ್ ರೇಟಿನ ಮಾತು. ಚುಕ್ಕೆಯೊಂದು ಒಂದು ಛಾಯೆಯಿಂದ ಮತ್ತೊಂದಕ್ಕೆ ಬದಲಾಗಲು ಹಿಡಿಯುವ ಕಾಲವೇ ರೆಸ್ಪಾನ್ಸ್ ಟೈಮ್. ಅದು ದೀರ್ಘವಾದರೆ ಹಳೆಯ ಚಿತ್ರದ ನೆರಳು ಬಾಲದಂತೆ ಉಳಿಯುತ್ತದೆ.

ಹಾಗಾದರೆ ರೆಸ್ಪಾನ್ಸ್ ಟೈಮ್ ಸೊನ್ನೆಯಾದರೆ ಮಸುಕು ಪೂರ್ತಿ ಹೋಗುವುದೆ? ಇಲ್ಲ. 1920 ಚುಕ್ಕೆ ಅಗಲದ ಪರದೆಯನ್ನು ಚೆಂಡೊಂದು ಒಂದು ಸೆಕೆಂಡಿನಲ್ಲಿ ದಾಟಲಿ. 60 ಹರ್ಟ್ಸಿನಲ್ಲಿ ಅದು ಚಿತ್ರಕ್ಕೆ 32 ಚುಕ್ಕೆಗಳಷ್ಟು ಜಿಗಿಯುತ್ತದೆ. ಕಣ್ಣು ಜಾರುತ್ತಲೇ ಇರುತ್ತದೆ, ಚಿತ್ರ ಮಾತ್ರ ನಿಂತಿರುತ್ತದೆ; ಆದುದರಿಂದ ಅಕ್ಷಿಪಟಲದ ಮೇಲೆ 32 ಚುಕ್ಕೆಗಳಷ್ಟು ಮಸುಕು ಹರಡುತ್ತದೆ. 120ರಲ್ಲಿ ಅದು 16.

ಆದರೆ ಈ ಲಾಭಕ್ಕೆ ನಿಜವಾಗಿಯೂ 120 ಬೇರೆಬೇರೆ ಚಿತ್ರಗಳು ಬರಬೇಕು. ವಾಹಿನಿಯು 50ನ್ನೇ ಕಳುಹಿಸಿದರೆ, ಉಳಿದವನ್ನು ಯಂತ್ರವು ಪುನರಾವರ್ತಿಸಬೇಕು, ಇಲ್ಲವೆ ಊಹಿಸಿ ಬರೆಯಬೇಕು. ಪುನರಾವರ್ತಿಸಿದರೆ ಮಸುಕು ತಗ್ಗದು. ಊಹೆ ತಪ್ಪಿದರೆ ಚೆಂಡು ಒಡೆದಂತೆ ಕಾಣುತ್ತದೆ. ಪೆಟ್ಟಿಗೆಯ ಮೇಲೆ 'ಮೋಷನ್' ಎಂಬ ಹೆಸರಿನೊಡನೆ ಇರುವ ದೊಡ್ಡ ಸಂಖ್ಯೆ ಪರದೆಯ ನಿಜವಾದ ಹರ್ಟ್ಸ್ ಆಗಿರಬೇಕೆಂದಿಲ್ಲ. ಅದನ್ನೂ ಕೇಳಿ ತಿಳಿಯಬೇಕು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸುದ್ದಿವಾಹಿನಿಯ ಕೆಳಗೆ ಓಡುವ ಅಕ್ಷರಗಳನ್ನು ಕಣ್ಣಿನಿಂದ ಹಿಂಬಾಲಿಸಿರಿ. ಅಕ್ಷರದ ಹಿಂದೆ ಮಾತ್ರ ಬಾಲ ಕಂಡರೆ ಚುಕ್ಕೆಗಳು ನಿಧಾನ. ಎರಡೂ ಅಂಚುಗಳು ಸಮನಾಗಿ ಮಸುಕಾದರೆ ಚಿತ್ರ ನಿಂತಿರುವ ಕಾಲ ಹೆಚ್ಚು.

ಸೆಕೆಂಡಿಗೆ 120 ಚಿತ್ರ ಕೊಡುವ ಆಟದ ಯಂತ್ರವಿರುವ ಬಬಲೇಶ್ವರದ ಅವನ ಗೆಳೆಯನಿಗೆ 120 ಹರ್ಟ್ಸ್ ಸಾರ್ಥಕವೇ. ಸುದ್ದಿ, ಧಾರಾವಾಹಿ, ಆಗೊಮ್ಮೆ ಕ್ರಿಕೆಟ್ ನೋಡುವ ಈ ಮನೆಗೆ ಬಾಲ ಬಿಡದ 60ರದೇ ಸಾಕೆಂದೆವು. ಮುಂದಿನ ಭಾನುವಾರ ತಂದೆಮಕ್ಕಳು ವಿಜಯಪುರದ ಅಂಗಡಿಯಲ್ಲಿ ನಿಂತು, ಬೆಲೆಯ ಚೀಟಿಗಿಂತ ಮೊದಲು ಓಡುವ ಅಕ್ಷರಗಳನ್ನು ಓದಿದರಂತೆ.