ಭೀಮೆಯ ಜಿಲೇಬಿ ಮೀನು

ಸೋಲಾಪುರದಿಂದ ವಿಜಯಪುರಕ್ಕೆ ಹೊರಟ ರೈಲು ಭೀಮಾ ನದಿ ದಾಟಿದ ಮೇಲೆ ಲಚ್ಯಾಣ ಸಿಗುತ್ತದೆ. ಸಿದ್ಧಲಿಂಗ ಮಹಾರಾಜರ ಮಠದ ಊರು. ಮೀನಿನ ಮಾತು ಇಲ್ಲಿ ಅಷ್ಟಾಗಿ ನಡೆಯುವಂಥದ್ದಲ್ಲ. ಆದರೂ ಈ ಸೀಮೆಯ ನೀರಿಗೆ ಆಫ್ರಿಕಾದಿಂದ ಬಂದು ಸೇರಿದ ಒಂದು ಮೀನಿನ ಸಂಸಾರ ಕೇಳುವಂತಿದೆ. ಪುಸ್ತಕದಲ್ಲಿ ಅದು ಮೊಜಾಂಬಿಕ್ ತಿಲಾಪಿಯಾ, ಸಂತೆಯಲ್ಲಿ ಜಿಲೇಬಿ, ಮೇಲಿನ ಮರಾಠಿ ಸೀಮೆಯಲ್ಲಿ ಚಿಲಾಪಿ. ಉಜನಿ ಜಲಾಶಯದ ಬಲೆಗಳಿಗೆ ಬೀಳುವುದರಲ್ಲಿ ತಿಲಾಪಿಯಾದ್ದೇ ದೊಡ್ಡ ಪಾಲು. ಅಲ್ಲಿಂದ ಬಿಟ್ಟ ನೀರೇ ಇಂಡಿ, ಸಿಂದಗಿ ಕಡೆ ಹರಿದು ಬರುವುದು.

ಸಂತಾನದ ಕಾಲ ಬಂತೆಂದರೆ ಗಂಡಿನ ಮೈ ಕಪ್ಪಾಗುತ್ತದೆ, ಗಂಟಲ ಕೆಳಗೆ ಬಿಳುಪೇರುತ್ತದೆ, ರೆಕ್ಕೆಯಂಚು ಕೆಂಪಾಗುತ್ತದೆ. ತಳದ ಮರಳನ್ನು ಬಾಯಿಂದಲೇ ಎತ್ತಿ ಹಾಕಿ ತಟ್ಟೆಯಂಥ ಗುಂಡಿ ತೋಡುತ್ತದೆ. ಪಕ್ಕದಲ್ಲೇ ಇನ್ನೊಂದು ಗಂಡಿನ ಗುಂಡಿ ಇರುವುದರಿಂದ ಗಡಿ ತಂಟೆ ತಪ್ಪಿದ್ದಲ್ಲ. ಬಲಿಷ್ಠ ಗಂಡು ಮೂತ್ರವನ್ನು ಹಿಡಿದಿಟ್ಟುಕೊಂಡು ಎದುರಾಳಿ ಬಂದಾಗ ಬಿಡುತ್ತದೆ. ಅದರ ವಾಸನೆಯಿಂದಲೇ ಯಾರು ಯಜಮಾನ ಎಂದು ಉಳಿದವಕ್ಕೆ ಗೊತ್ತಾಗುತ್ತದೆಂದು ಪೋರ್ಚುಗಲ್‌ನ ಸಂಶೋಧಕರು ತೋರಿಸಿದ್ದಾರೆ. ಎಷ್ಟೋ ಕಾದಾಟ ಮೈ ಮುಟ್ಟದೆಯೇ ಮುಗಿಯುತ್ತದೆ.

ಹೆಣ್ಣು ಆ ಗುಂಡಿಯಲ್ಲಿ ತತ್ತಿ ಇಟ್ಟು, ತಡಮಾಡದೆ ಬಾಯಿಗೆ ತುಂಬಿಕೊಂಡು ಹೊರಟುಬಿಡುತ್ತದೆ. ಗಂಡಿನ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ತಾಯಿ ತತ್ತಿಗಳನ್ನು ಬಾಯೊಳಗೇ ಹೊರಳಿಸುತ್ತ ಆಮ್ಲಜನಕ ಉಣಿಸುತ್ತದೆ. ಮೂರರಿಂದ ಐದು ದಿನಕ್ಕೆ ಅವು ಒಡೆಯುತ್ತವೆ. ಆಮೇಲೂ ಮರಿಗಳು ಈಜಲು ಕಲಿಯುವವರೆಗೆ ಬಾಯೇ ಮನೆ. ಅಷ್ಟೂ ದಿನ ತಾಯಿಗೆ ಹೆಚ್ಚುಕಡಿಮೆ ಉಪವಾಸ. ಹೊರಗೆ ಬಿಟ್ಟ ಮೇಲೂ ಅಪಾಯದ ಸುಳಿವು ಸಿಕ್ಕರೆ ಮರಿಗಳು ಮತ್ತೆ ಬಾಯೊಳಗೆ ನುಗ್ಗುತ್ತವೆ. ಕಾಟ್ಲಾ, ರೋಹು ಮೀನುಗಳು ಲಕ್ಷಗಟ್ಟಲೆ ತತ್ತಿಯನ್ನು ಮುಂಗಾರಿನ ಪ್ರವಾಹಕ್ಕೆ ಚೆಲ್ಲಿ ಮರೆತುಬಿಡುತ್ತವೆ, ಅದೂ ಹರಿಯುವ ನೀರಿದ್ದರೆ ಮಾತ್ರ. ತಿಲಾಪಿಯಾ ಇಡುವುದು ಕೆಲವು ನೂರು ತತ್ತಿ, ಆದರೆ ನಿಂತ ನೀರಲ್ಲೂ, ವರ್ಷಕ್ಕೆ ಹಲವು ಸಲ.

ಕೆರೆಯ ಜಿಲೇಬಿ ಮೀನು ಅಂಗೈ ಮೀರಿ ಬೆಳೆಯದಿದ್ದರೆ ತಳಿಯೇ ಕೆಟ್ಟಿದೆ ಎಂದು ದೂರುವವರುಂಟು. ತಳಿಗೇನೂ ಆಗಿಲ್ಲ. ವಿಶಾಲ ನೀರು, ಸಾಕಷ್ಟು ಮೇವು ಇದ್ದರೆ ಇದು ಒಂದಡಿಗೂ ಮೀರಿ ಬೆಳೆಯುತ್ತದೆ. ನೀರು ಕುಗ್ಗಿ ಗುಂಪು ಒತ್ತಿಕೊಂಡಿತೋ, ಎರಡು ಮೂರು ತಿಂಗಳಿಗೇ, ಎಂಟು ಹತ್ತು ಸೆಂಟಿಮೀಟರ್ ಉದ್ದವಿರುವಾಗಲೇ ಮರಿ ಮಾಡಲು ತೊಡಗುತ್ತದೆ. ತಿಂದದ್ದೆಲ್ಲ ಮೈಗೆ ಹೋಗದೆ ಸಂತಾನಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಮಡುಗಳಾಗಿ ಒಡೆಯುವ ಭೀಮೆಗೆ, ಬತ್ತುವ ಕೆರೆಗಳಿಗೆ ಇದಕ್ಕಿಂತ ಜಾಣ ಲೆಕ್ಕ ಇನ್ನೊಂದಿಲ್ಲ ಎಂದೇ ನನ್ನೆಣಿಕೆ. ಅದರ ತವರಾದ ಆಗ್ನೇಯ ಆಫ್ರಿಕಾದ ಎಷ್ಟೋ ನದಿಗಳ ಪಾಡೂ ಇದೇ. ಉಪ್ಪು ನೀರು, ಆಮ್ಲಜನಕ ಕಡಿಮೆಯಾದ ರಾಡಿ ಎರಡನ್ನೂ ಅದು ತಾಳಿಕೊಳ್ಳುತ್ತದೆ. ತಾಳದಿರುವುದು ಕಡು ಚಳಿಯನ್ನು.

ಭಾರತಕ್ಕೆ ಇದು ಬಂದದ್ದು 1952ರಲ್ಲಿ, ಬಡವರಿಗೆ ಅಗ್ಗದ ಪ್ರೋಟೀನ್ ಎಂದು. 1959ರ ಹೊತ್ತಿಗೇ ಹರಡಬಾರದೆಂಬ ನಿರ್ಬಂಧ ಬಂತು, ಮೀನು ಕೇಳಲಿಲ್ಲ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು. ವಿಚಿತ್ರವೆಂದರೆ ತವರಿನಲ್ಲಿ ಮೊಜಾಂಬಿಕ್ ತಿಲಾಪಿಯಾವೇ ಈಗ ಅಪಾಯದಲ್ಲಿದೆ: ಸಾಕಣೆಗೆಂದು ತಂದ ನೈಲ್ ತಿಲಾಪಿಯಾದೊಂದಿಗೆ ಬೆರೆತು ಅದರ ಶುದ್ಧ ತಳಿ ಕರಗುತ್ತಿದೆ.

ನೈಲ್ ತಿಲಾಪಿಯಾವನ್ನು ನಮ್ಮಲ್ಲೂ ಅನುಮತಿ ಪಡೆದು ಸಾಕುತ್ತಾರೆ. ಬೇಗ ಬೆಳೆಯಲಿ, ಮರಿ ಹಾಕಿ ಹೊಂಡ ತುಂಬದಿರಲಿ ಎಂದು ಬರೀ ಗಂಡು ಮರಿಗಳನ್ನೇ ಬಿಡುವ ಪದ್ಧತಿ ಅಲ್ಲಿದೆ. ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬೆಳೆಸುವವರಿಗೆ ದಾರಿ ಬೇರೆ: ಮರಿ ಬಿಡುವ ಮೊದಲು ಹೊಂಡವನ್ನು ಪೂರ್ತಿ ಒಣಗಿಸಬೇಕು. ಮೂಲೆಯ ರಾಡಿಯಲ್ಲಿ ಬಾಯಿ ತುಂಬ ಮರಿ ಇಟ್ಟುಕೊಂಡ ಒಂದೇ ತಾಯಿ ಉಳಿದರೂ ಕಾಟ್ಲಾಕ್ಕೆಂದು ಹಾಕಿದ ಮೇವಿಗೆ ಪಾಲುದಾರರು ಹುಟ್ಟುತ್ತಾರೆ.